ನಿದ್ದೆ ಕೆಟ್ಟು ಶುರುವಾದ ಗಾಬರಿ: ಮಾತ್ರೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಾಕ್ಟರ್ ಅಲ್ಲ. ತಾಲ್ಲೂಕು ಊರೊಂದರಲ್ಲಿ 22 ವರ್ಷದಿಂದ ಮೆಡಿಕಲ್ ಶಾಪ್ ಕೌಂಟರ್ ಹಿಂದೆ ನಿಂತಿರುವ ಫಾರ್ಮಸಿಸ್ಟ್. ರಾತ್ರಿ ಒಂಬತ್ತರ ಹೊತ್ತಿಗೆ, ಶಟರ್ ಅರ್ಧ ಇಳಿದ ಮೇಲೆ, ಕೆಲವರು ಬರುತ್ತಾರೆ. ಬೇರೆ ಗಿರಾಕಿ ಇದ್ದಾರಾ ಅಂತ ನೋಡಿ, ದನಿ ತಗ್ಗಿಸಿ ಕೇಳುತ್ತಾರೆ. ಅವರು ಕೇಳಿದ್ದನ್ನು, ವಾಟ್ಸಾಪ್‌ನಲ್ಲಿ ಬಂದದ್ದನ್ನು ಸೇರಿಸಿ ಇಲ್ಲಿ ಬರೆದಿದ್ದೇನೆ. ಇದನ್ನು ಓದಿ ನಿಮ್ಮ ಮಾತ್ರೆ ನೀವೇ ಆರಿಸಿಕೊಳ್ಳಬೇಡಿ. ಡಾಕ್ಟರ್ ಮುಂದೆ ಕೂತಾಗ ಏನು ಕೇಳಬೇಕು ಅಂತ ಗೊತ್ತಾದರೆ ಸಾಕು.

## ಮೊದಲು ಕೇಳುವವು

ಗಾಬರಿಯಿಂದ ನಿದ್ದೆ ಹೋಯ್ತಾ, ನಿದ್ದೆ ಹೋಗಿ ಗಾಬರಿ ಬಂತಾ? ಅದು ಗೊತ್ತಾಗ್ಬೇಕಾ?

ಗೊತ್ತಾದರೆ ಒಳ್ಳೆಯದು. ಅದರ ಮೇಲೆ ಮಾತ್ರೆ ಬದಲಾಗುತ್ತದೆ.

ಮೊದಲಿಂದಲೂ ಚಿಂತೆ ಮಾಡುವವರಿಗೆ ಹಾಸಿಗೆಗೆ ಹೋದ ಕೂಡಲೇ ನಾಳೆಯ ಸಾಲ, ಮಗಳ ಪರೀಕ್ಷೆ, ಆಫೀಸಿನ ಜಗಳ ತಲೆಗೆ ಬರುತ್ತದೆ. ಇನ್ನು ಕೆಲವರು ಚೆನ್ನಾಗಿಯೇ ಇದ್ದವರು. ಯಾವುದೋ ಜ್ವರ, ನೈಟ್ ಶಿಫ್ಟ್, ಮನೆಯಲ್ಲೊಂದು ಸಾವು, ಒಂದು ವಾರ ನಿದ್ದೆ ಕೆಡುತ್ತದೆ. ಆಮೇಲೆ ಆ ಕಾರಣ ಹೋದರೂ ನಿದ್ದೆ ವಾಪಸ್ ಬರುವುದಿಲ್ಲ. ಸಂಜೆ ಆರಕ್ಕೇ ಹೊಟ್ಟೆಯಲ್ಲಿ ಸಂಕಟ ಶುರು. "ಇವತ್ತಾದ್ರೂ ಬರುತ್ತಾ?" ಅನ್ನುವ ಭಯವೇ ಎದೆ ಡವಡವ ಎನ್ನಿಸುತ್ತದೆ. ಹತ್ತು ದಿನ ಹೀಗಾದರೆ ಹಗಲಲ್ಲೂ ಕೈ ನಡುಗುತ್ತದೆ.

ಎರಡನೆಯವರ ತೊಂದರೆ ಏನೆಂದರೆ, ಗಾಬರಿಗೆ ಮಾತ್ರ ಮದ್ದು ಮಾಡಿದರೆ ನಿದ್ದೆಯ ಭಯ ಹಾಗೇ ಉಳಿಯುತ್ತದೆ. ಯಾವುದು ಮೊದಲು ಬಂತು, ಯಾವ ತಿಂಗಳು, ಆಗ ಏನಾಗಿತ್ತು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ದಾಟಿದ್ದರೆ ಅದನ್ನು ದೀರ್ಘಕಾಲದ ನಿದ್ರಾಹೀನತೆ ಅಂತ ಲೆಕ್ಕ ಹಿಡಿಯುತ್ತಾರೆ. ಹಾಗಂತ ಮೂರು ತಿಂಗಳು ಕಾಯಬೇಕಾಗಿಲ್ಲ.

ಸುಮ್ನೆ ಒಂದು ನಿದ್ದೆ ಮಾತ್ರೆ ಕೊಡಿ ಸಾರ್, ಚೀಟಿ ನಾಳೆ ತರ್ತೀನಿ

ಕೊಡುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ಅಲ್‌ಪ್ರಾಜೋಲಾಮ್, ಡಯಾಜೆಪಾಮ್, ನೈಟ್ರಾಜೆಪಾಮ್, ಜೋಲ್ಪಿಡೆಮ್ ಇವೆಲ್ಲ ಶೆಡ್ಯೂಲ್ ಎಚ್1 ಅನ್ನುವ, ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಪಟ್ಟಿಯಲ್ಲಿವೆ. 2014ರ ಮಾರ್ಚ್‌ನಿಂದ ಈ ನಿಯಮ ಜಾರಿಯಲ್ಲಿದೆ. ಸ್ಟ್ರಿಪ್ ಹಿಂದೆ ಕೆಂಪು ಚೌಕದೊಳಗೆ ಎಚ್ಚರಿಕೆ ಇರುತ್ತದೆ, ನೋಡಿ. ನಾನು ಮಾರಿದ ಪ್ರತಿ ಮಾತ್ರೆಗೂ ಬರೆದ ಡಾಕ್ಟರ್ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟೆ ಅಂತ ಬೇರೆ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಡಬೇಕು.

ಒಬ್ಬರು ಒಂದೇ ಮಾತ್ರೆಯ ಚೂರು ಸ್ಟ್ರಿಪ್ ತಂದು ತೋರಿಸಿದ್ದರು. ಕತ್ತರಿಯಲ್ಲಿ ಕತ್ತರಿಸಿದ ಚೌಕ, ಹೆಸರಿನ ಕೊನೆಯ ಮೂರು ಅಕ್ಷರ ಮಾತ್ರ ಉಳಿದಿತ್ತು. "ಭಾವಮೈದ ಕೊಟ್ಟ, ಚೆನ್ನಾಗಿ ನಿದ್ದೆ ಬಂತು" ಅಂದರು. ಆ ಮೂರು ಅಕ್ಷರದಲ್ಲಿ ಮುಗಿಯುವ ಮಾತ್ರೆಗಳು ನನ್ನ ಕಪಾಟಿನಲ್ಲೇ ಆರು ಇವೆ.

ಮಾತ್ರೆ ಇಲ್ದೆ ಆಗಲ್ವಾ?

ತುಂಬ ಜನಕ್ಕೆ ಆಗುತ್ತದೆ. ದೀರ್ಘಕಾಲದ ನಿದ್ದೆ ತೊಂದರೆಗೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ಸಿಬಿಟಿ-ಐ ಅನ್ನುವ, ನಿದ್ದೆಯ ಬಗೆಗಿನ ಯೋಚನೆ, ಅಭ್ಯಾಸ ತಿದ್ದುವ ತರಬೇತಿ ಅಂತ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲೇ ಹೇಳಿದೆ. ಯುರೋಪಿನ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ.

ಅದರಲ್ಲಿ ಮಂತ್ರ ತಂತ್ರ ಏನೂ ಇಲ್ಲ. ಬೆಳಗ್ಗೆ ಏಳುವ ಹೊತ್ತು ಒಂದೇ ಇರಬೇಕು, ಭಾನುವಾರವೂ. ನಿದ್ದೆ ತೂಗಿದಾಗ ಮಾತ್ರ ಹಾಸಿಗೆಗೆ ಹೋಗಬೇಕು. ಸುಮಾರು ಇಪ್ಪತ್ತು ನಿಮಿಷ ಬರಲಿಲ್ಲ ಅನಿಸಿದರೆ ಎದ್ದು ಹೊರಗೆ ಬಂದು ಕೂರಬೇಕು. ಗಡಿಯಾರ ನೋಡಬಾರದು. ರಾತ್ರಿ ಐದೇ ಗಂಟೆ ನಿದ್ದೆ ಬರುತ್ತಿದ್ದರೆ ಹಾಸಿಗೆಯಲ್ಲಿ ಒಂಬತ್ತು ಗಂಟೆ ಹೊರಳಾಡುವ ಬದಲು, ಮೊದಲು ಐದೂವರೆ ಗಂಟೆಯಷ್ಟೇ ಹಾಸಿಗೆಯಲ್ಲಿರಲು ಹೇಳುತ್ತಾರೆ. ನಿದ್ದೆ ಗಟ್ಟಿಯಾದಂತೆ ಹೊತ್ತು ಹೆಚ್ಚಿಸುತ್ತಾರೆ. ಮೊದಲ ಎರಡು ವಾರ ಕಷ್ಟ, ಸುಳ್ಳು ಹೇಳುವುದಿಲ್ಲ. ಬೈಪೋಲಾರ್ ಕಾಯಿಲೆ ಅಥವಾ ಫಿಟ್ಸ್ ಇರುವವರು ಹೀಗೆ ಹೊತ್ತು ಕಡಿಮೆ ಮಾಡುವುದನ್ನು ತಾವಾಗಿಯೇ ಮಾಡಬಾರದು.

ಆದರೆ ಗಾಬರಿ ತುಂಬಾ ಏರಿ, ಊಟ ಸೇರದೆ, ಕೆಲಸಕ್ಕೆ ಹೋಗಲಾಗದ ಸ್ಥಿತಿ ಬಂದಿದ್ದರೆ "ಮಾತ್ರೆ ಬೇಡ" ಅಂತ ಹಟ ಹಿಡಿಯಬೇಡಿ. ಎರಡೂ ಜೊತೆಯಲ್ಲೇ ನಡೆಯಬಹುದು.

ಮಾತ್ರೆಗೆ ಮುಂಚೆ ಏನಾದ್ರೂ ಟೆಸ್ಟ್ ಮಾಡಿಸ್ಬೇಕಾ?

ಥೈರಾಯ್ಡ್ ಜಾಸ್ತಿ ಇದ್ದರೂ ಎದೆ ಬಡಿತ, ನಡುಕ, ನಿದ್ದೆಗೇಡು ಹೀಗೇ ಬರುತ್ತದೆ. ಮಲಗಿದಾಗ ಕಾಲು ಚುಳುಚುಳು ಎಂದು ಆಡಿಸುತ್ತಲೇ ಇರಬೇಕು ಅನಿಸಿದರೆ ಕಬ್ಬಿಣದ ಅಂಶ ನೋಡಿಸಬೇಕು. ತಗೊಳ್ಳುವ ಎಲ್ಲ ಔಷಧಿಯನ್ನೂ ತೋರಿಸಿ. ಸ್ಟೀರಾಯ್ಡ್, ಉಬ್ಬಸದ ಕೆಲವು ಮಾತ್ರೆ, ಮೂಗು ಕಟ್ಟಿದ್ದಕ್ಕೆ ಕೊಡುವ ಮಾತ್ರೆ ನಿದ್ದೆ ಕೆಡಿಸುತ್ತವೆ. ಇನ್ನು ಕಾಫಿ. ಅದರ ಅರ್ಧ ಅಂಶ ಮೈಯಿಂದ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಆರರ ಫಿಲ್ಟರ್ ಕಾಫಿ ಹನ್ನೊಂದಕ್ಕೂ ಅರ್ಧ ಲೋಟ ಮೈಯಲ್ಲೇ ಇರುತ್ತದೆ.

ಯಾರ ಹತ್ರ ಹೋಗ್ಬೇಕು? ಸೈಕಿಯಾಟ್ರಿಸ್ಟ್ ಅಂದ್ರೆ ಮನೇಲಿ ಒಪ್ಪಲ್ಲ

ಮೊದಲು ನಿಮ್ಮ ಫ್ಯಾಮಿಲಿ ಡಾಕ್ಟರ್ ಸಾಕು. ಎರಡು ಮೂರು ವಾರದಲ್ಲಿ ಹಿಡಿತಕ್ಕೆ ಬರದಿದ್ದರೆ ಮನೋವೈದ್ಯರು ಬೇಕು. ದೂರದೂರಿಗೆ ಹೋಗಲೇಬೇಕು ಅಂತಿಲ್ಲ. ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಕ್ಲಿನಿಕ್ ನಡೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇದ್ದೇ ಇವೆ. ಮನೆಯವರಿಗೆ "ನಿದ್ದೆ ಡಾಕ್ಟರ್ ಹತ್ರ ಹೋಗ್ತಿದ್ದೀನಿ" ಅಂತ ಹೇಳಿ ಹೋದವರೂ ಇದ್ದಾರೆ. ಅದು ಸುಳ್ಳೂ ಅಲ್ಲ.

ಈ ರಾತ್ರಿನೇ ತಡೆಯಕ್ಕಾಗ್ತಿಲ್ಲ. ಏನ್ ಮಾಡ್ಲಿ?

14416ಕ್ಕೆ ಫೋನ್ ಮಾಡಿ. ಅದು ಟೆಲಿ-ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ದುಡ್ಡಿಲ್ಲ, ಇಪ್ಪತ್ನಾಲ್ಕು ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. ಬದುಕಿರುವುದೇ ಬೇಡ ಅನ್ನುವ ಯೋಚನೆ ಬರುತ್ತಿದ್ದರೆ ಒಬ್ಬರೇ ಇರಬೇಡಿ. ಮನೆಯಲ್ಲಿ ಯಾರನ್ನಾದರೂ ಎಬ್ಬಿಸಿ, ಮಾತ್ರೆ ಡಬ್ಬಿಯನ್ನು ಅವರ ಕೈಗೆ ಕೊಡಿ, ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಎದೆ ನೋವು ಕೈಗೋ ದವಡೆಗೋ ಹರಡಿದರೆ, ಬೆವರಿ ಉಸಿರು ಸಿಗದಿದ್ದರೆ "ಗಾಬರಿ ಇರ್ಬೇಕು" ಅಂತ ಕೂರದೆ 108ಕ್ಕೆ ಕರೆ ಮಾಡಿ.

## ಯಾವ ಮಾತ್ರೆ ಏನು ಮಾಡುತ್ತದೆ

ಡಾಕ್ಟರ್ ಎರಡು ಮಾತ್ರೆ ಬರೆದ್ರು. ಒಂದು ಅವತ್ತೇ ಕೆಲಸ ಮಾಡ್ತು, ಇನ್ನೊಂದು ಏನೂ ಮಾಡ್ತಿಲ್ಲ. ಅದನ್ನ ಬಿಡ್ಲಾ?

ಈ ಪ್ರಶ್ನೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೆಚ್ಚಿನವರು ತಪ್ಪು ಮಾತ್ರೆಯನ್ನೇ ಬಿಡುತ್ತಾರೆ.

ಅವತ್ತೇ ಕೆಲಸ ಮಾಡಿದ್ದು ಬೆಂಜೋಡಯಜೆಪಿನ್ ಗುಂಪಿನದು. ಕ್ಲೊನಾಜೆಪಾಮ್, ಅಲ್‌ಪ್ರಾಜೋಲಾಮ್, ಲೋರಾಜೆಪಾಮ್, ಹೀಗೆ. ಎಟಿಜೋಲಾಮ್ ಕೂಡ ಅದೇ ಜಾತಿಯ ಕೆಲಸ ಮಾಡುತ್ತದೆ. ಮಿದುಳಿನ ಬ್ರೇಕ್ ಒತ್ತಿದ ಹಾಗೆ, ಒಂದು ಗಂಟೆಯೊಳಗೆ ಮೈ ಸಡಿಲವಾಗುತ್ತದೆ. ಆದರೆ ದಿನಾ ತಗೊಂಡರೆ ಕೆಲವು ವಾರದಲ್ಲಿ ಮಿದುಳು ಅದಕ್ಕೆ ಒಗ್ಗಿಕೊಳ್ಳುತ್ತದೆ. ಅದಕ್ಕೇ ಬ್ರಿಟನ್‌ನಲ್ಲಿ 1988ರಲ್ಲೇ ಎರಡರಿಂದ ನಾಲ್ಕು ವಾರಕ್ಕಿಂತ ಹೆಚ್ಚು ಬೇಡ ಅಂತ ಡಾಕ್ಟರುಗಳಿಗೆ ಸೂಚನೆ ಹೋಯಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಚಟ ಮತ್ತು ನಿಲ್ಲಿಸಿದಾಗಿನ ತೊಂದರೆ ಬಗ್ಗೆ ಅತಿ ಗಟ್ಟಿ ಎಚ್ಚರಿಕೆ ಹಾಕಿಸಿತು.

"ಏನೂ ಮಾಡದ" ಮಾತ್ರೆ ಎಸ್ಸಿಟಾಲೋಪ್ರಾಮ್ ಅಥವಾ ಸರ್ಟ್ರಾಲಿನ್ ಇರಬೇಕು. ಎಸ್‌ಎಸ್‌ಆರ್‌ಐ ಗುಂಪು. ಇದು ನಿದ್ದೆ ಮಾತ್ರೆಯೇ ಅಲ್ಲ. ಗಾಬರಿಯ ಮಟ್ಟವನ್ನೇ ಮೆಲ್ಲಗೆ ಇಳಿಸುತ್ತದೆ, ಅದಕ್ಕೆ ಎರಡರಿಂದ ಆರು ವಾರ ಬೇಕು. ಅಲ್ಲಿಯ ತನಕ ದಾಟಿಸಲು ಬೇಗ ಕೆಲಸ ಮಾಡುವ ಮಾತ್ರೆಯನ್ನು ಜೊತೆಗೆ ಬರೆಯುತ್ತಾರೆ. ಮನೆ ಕಟ್ಟುವಾಗ ತಾರಸಿ ಗಟ್ಟಿಯಾಗುವ ತನಕ ಸೆಂಟ್ರಿಂಗ್ ನಿಲ್ಲಿಸುತ್ತಾರಲ್ಲ, ಹಾಗೆ. ಜನ ಏನು ಮಾಡುತ್ತಾರೆ? ತಾರಸಿ ಬಿಟ್ಟು ಸೆಂಟ್ರಿಂಗ್ ಇಟ್ಟುಕೊಳ್ಳುತ್ತಾರೆ.

ಹಾಗಾಗಿ ಚೀಟಿ ಕೈಗೆ ಬಂದ ದಿನವೇ ಎರಡು ಮಾತು ಕೇಳಿ. ಇದರಲ್ಲಿ ಬೇಗ ನಿಲ್ಲಿಸುವುದು ಯಾವುದು? ಯಾವ ತಾರೀಖಿಗೆ? ಉತ್ತರವನ್ನು ಚೀಟಿಯ ಮೇಲೇ ಬರೆಸಿಕೊಳ್ಳಿ.

ಪಾಯಿಂಟ್ ಫೈವ್ ಅಂದ್ರೆ ಚಿಕ್ಕ ಪವರ್ ತಾನೆ?

ಅಲ್ಲ. ಕ್ಲೊನಾಜೆಪಾಮ್ 0.5 ಮಿಲಿಗ್ರಾಂ ಅಂದರೆ ಸುಮಾರಾಗಿ ಡಯಾಜೆಪಾಮ್ 10 ಮಿಲಿಗ್ರಾಂಗೆ ಸಮ. ಅಲ್‌ಪ್ರಾಜೋಲಾಮ್ 0.5 ಕೂಡ ಹತ್ತಿರಹತ್ತಿರ ಅಷ್ಟೇ. ಪ್ಯಾರಾಸಿಟಮಾಲ್ 650 ನೋಡಿ ಅಭ್ಯಾಸವಾದ ಕಣ್ಣಿಗೆ 0.5 ಏನೂ ಅಲ್ಲ ಅನಿಸುತ್ತದೆ.

ಪವರ್ ಜೊತೆಗೆ ಎಷ್ಟು ಹೊತ್ತು ಮೈಯಲ್ಲಿರುತ್ತದೆ ಅನ್ನುವುದೂ ಮುಖ್ಯ. ಅಲ್‌ಪ್ರಾಜೋಲಾಮ್ ಅರ್ಧಕ್ಕಿಳಿಯಲು ಸುಮಾರು 11 ಗಂಟೆ. ಅದು ಇಳಿಯುವಾಗ ಗಾಬರಿ ಮತ್ತೆ ಇಣುಕುತ್ತದೆ, ಕೈ ಮತ್ತೊಂದು ಮಾತ್ರೆಗೆ ಹೋಗುತ್ತದೆ. ಕ್ಲೊನಾಜೆಪಾಮ್‌ಗೆ 30ರಿಂದ 40 ಗಂಟೆ. ಇಣುಕಾಟ ಕಡಿಮೆ, ಆದರೆ ಮಾರನೆಯ ದಿನ ಮಂಪರು. ಸ್ಕೂಟರ್ ಓಡಿಸುವವರು, ಲೇತ್ ಮುಂದೆ ನಿಲ್ಲುವವರು ಇದನ್ನು ಡಾಕ್ಟರ್‌ಗೆ ಹೇಳಲೇಬೇಕು.

ಜೋಲ್ಪಿಡೆಮ್ ಬರೀ ನಿದ್ದೆಗೆ, ಅದು ಚಟ ಆಗಲ್ಲ ಅಂದ್ರು. ನಿಜಾನಾ?

ಅರ್ಧ ನಿಜ. ಅದು ನಿದ್ದೆ ಹತ್ತಿಸಲು ಮಾತ್ರ, ಎರಡೂವರೆ ಗಂಟೆಯಲ್ಲಿ ಅರ್ಧ ಇಳಿದುಹೋಗುತ್ತದೆ. ಹಗಲಿನ ಗಾಬರಿಗೆ ಏನೂ ಮಾಡುವುದಿಲ್ಲ. ಚಟ ಆಗುತ್ತದೆ. ಕೆಲವರು ನಿದ್ದೆಯಲ್ಲೇ ಎದ್ದು ಅಡುಗೆ ಮಾಡಿದ್ದಾರೆ, ಕಾರು ಓಡಿಸಿದ್ದಾರೆ, ಬೆಳಗ್ಗೆ ನೆನಪಿಲ್ಲ. 2019ರಲ್ಲಿ ಎಫ್‌ಡಿಎ ಇದಕ್ಕೂ ಗಟ್ಟಿ ಎಚ್ಚರಿಕೆ ಹಾಕಿಸಿತು. ಹೆಂಗಸರ ಮೈಯಲ್ಲಿ ಇದು ನಿಧಾನಕ್ಕೆ ಇಳಿಯುತ್ತದೆ ಅಂತ 2013ರಲ್ಲಿ ಅಲ್ಲಿ ಅವರ ಡೋಸ್ ಅನ್ನು 10ರಿಂದ 5 ಮಿಲಿಗ್ರಾಂಗೆ ಇಳಿಸಿದರು. ತಗೊಂಡು ಸೀರಿಯಲ್ ನೋಡುತ್ತಾ ಕೂರುವ ಮಾತ್ರೆ ಅಲ್ಲ ಇದು. ದೀಪ ಆರಿಸುವ ಹೊತ್ತಿಗೆ ನುಂಗಿ, ಮಲಗಿಬಿಡಬೇಕು.

ಚಟ ಆಗದ ಮಾತ್ರೆ ಯಾವ್ದೂ ಇಲ್ವಾ?

ಇವೆ. ಒಂದೊಂದಕ್ಕೂ ಒಂದೊಂದು ಕೊಸರು.

ಮಿರ್ಟಜಪಿನ್ ಗಾಬರಿ, ನಿದ್ದೆ, ಹಸಿವು ಮೂರೂ ಕೆಟ್ಟವರಿಗೆ ಬರೆಯುವುದನ್ನು ನೋಡಿದ್ದೇನೆ. ನಿದ್ದೆ ಬರುತ್ತದೆ, ಊಟ ಸೇರುತ್ತದೆ. ತಮಾಷೆ ಅಂದರೆ ಕಡಿಮೆ ಡೋಸ್‌ನಲ್ಲೇ ಮಂಪರು ಜಾಸ್ತಿ. ತೂಕ ಏರುತ್ತದೆ, ಶುಗರ್ ಇರುವವರು ಯೋಚಿಸಬೇಕು. ಅಮಿಟ್ರಿಪ್ಟಿಲಿನ್ ಹಳೆಯ ಮಾತ್ರೆ. ಬಾಯಿ ಒಣಗುತ್ತದೆ, ಮಲಬದ್ಧತೆ ಬರುತ್ತದೆ, ಹೃದಯದ ತೊಂದರೆ ಇದ್ದವರಿಗೆ ಆಗದು. ಟ್ರಾಜೊಡೋನ್ ಅನ್ನು ನಿದ್ದೆಗೆ ತುಂಬ ಬರೆಯುತ್ತಾರೆ, ಆದರೆ ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2017ರಲ್ಲಿ ಬರೀ ನಿದ್ದೆ ತೊಂದರೆಗೆ ಅದು ಬೇಡ ಎಂದೇ ಸಲಹೆ ಕೊಟ್ಟಿತು.

ಪ್ರೊಪ್ರನೊಲಾಲ್ ಎದೆ ಬಡಿತ, ನಡುಕ ತಗ್ಗಿಸುತ್ತದೆ. ಮನಸ್ಸಿನ ಚಿಂತೆಗೆ ಅಷ್ಟಕ್ಕಷ್ಟೇ. ಉಬ್ಬಸ ಇದ್ದವರು ಅದನ್ನು ಮುಟ್ಟಲೇಬಾರದು. ಬಸ್ಪಿರೋನ್ ಮಂಪರು ತರುವುದಿಲ್ಲ, ಆದರೆ ಎರಡರಿಂದ ನಾಲ್ಕು ವಾರ ಕಾಯಬೇಕು. ಪ್ರೆಗಾಬಲಿನ್ ಬೇಗ ಕೆಲಸ ಮಾಡುತ್ತದೆ, ಯುರೋಪಿನಲ್ಲಿ ಆತಂಕಕ್ಕೇ ಅನುಮತಿ ಇದೆ. ಅದನ್ನು "ಚಟ ಆಗದ್ದು" ಅನ್ನುವ ಸಾಲಿನಲ್ಲಿ ಇಡಲು ಮಾತ್ರ ನನಗೆ ಮನಸ್ಸಿಲ್ಲ. ಅದಕ್ಕೂ ಒಗ್ಗಿಕೊಂಡವರನ್ನು ಕಂಡಿದ್ದೇನೆ. ಮೆಲಟೋನಿನ್ ನಿದ್ದೆಯ ಹೊತ್ತು ಹಿಂದೆಮುಂದೆ ಆದವರಿಗೆ, ವಿದೇಶದಿಂದ ಬಂದವರಿಗೆ ಸರಿ. ಜೋರು ಗಾಬರಿಗೆ ಅದರ ಬಲ ಸಾಲದು.

ಒಂದೇ ಮಾತ್ರೇಲಿ ಎರಡೂ ಇದ್ಯಲ್ಲ, ಅದು ಅನುಕೂಲ ಅಲ್ವಾ?

ನುಂಗಲು ಅನುಕೂಲ. ನಿಲ್ಲಿಸಲು ಅಲ್ಲ. ಎಸ್ಸಿಟಾಲೋಪ್ರಾಮ್ 10 ಮತ್ತು ಕ್ಲೊನಾಜೆಪಾಮ್ 0.5 ಸೇರಿಸಿದ ಮಾತ್ರೆ ನಮ್ಮ ದೇಶದಲ್ಲಿ ಧಾರಾಳವಾಗಿ ಮಾರಾಟವಾಗುತ್ತದೆ. ಒಂದು ತಿಂಗಳ ಮೇಲೆ ಕ್ಲೊನಾಜೆಪಾಮ್ ಇಳಿಸಿ ಎಸ್ಸಿಟಾಲೋಪ್ರಾಮ್ ಮುಂದುವರಿಸಬೇಕು. ಒಂದೇ ಮಾತ್ರೆಯಲ್ಲಿದ್ದರೆ ಹೇಗೆ ಬಿಡಿಸುತ್ತೀರಿ? ಮೂರು ನಾಲ್ಕು ವರ್ಷದಿಂದ ಇದನ್ನೇ ನುಂಗುತ್ತಾ, ಅದರಲ್ಲಿ ನಿದ್ದೆ ಮಾತ್ರೆ ಇದೆ ಅಂತಲೇ ಗೊತ್ತಿಲ್ಲದವರು ನಮ್ಮಲ್ಲಿಗೆ ಬರುತ್ತಾರೆ. ಸ್ಟ್ರಿಪ್ ಹಿಂದೆ ಸಣ್ಣಕ್ಷರ ಓದಿ. ಬೇರೆ ಬೇರೆ ಬರೆದುಕೊಡಿ ಅಂತ ಕೇಳುವುದು ತಪ್ಪಲ್ಲ.

ಅವಿಲ್ ತಗೊಂಡ್ರೆ ಚೆನ್ನಾಗಿ ನಿದ್ದೆ ಬರುತ್ತೆ. ಅಶ್ವಗಂಧಾನೂ ಒಳ್ಳೇದಂತೆ?

ಅವಿಲ್ ಅಲರ್ಜಿ ಮಾತ್ರೆ. ಮಂಪರು ಅದರ ಸೈಡ್ ಎಫೆಕ್ಟ್. ಕೆಲವೇ ದಿನದಲ್ಲಿ ಮೈ ಒಗ್ಗಿ ಆ ಮಂಪರೂ ಹೋಗುತ್ತದೆ, ಬಾಯಿ ಒಣಗುವುದು ಮಾತ್ರ ಉಳಿಯುತ್ತದೆ. ಅಶ್ವಗಂಧದಿಂದ ಸ್ವಲ್ಪ ಹಿತ ಅನಿಸಿದವರಿದ್ದಾರೆ. ಲಿವರ್‌ಗೆ ಪೆಟ್ಟು ಬಿದ್ದ ವರದಿಗಳೂ ಇವೆ, ಥೈರಾಯ್ಡ್ ಮೇಲೂ ಅದು ಕೈಯಾಡಿಸುತ್ತದೆ. ಗಿಡಮೂಲಿಕೆ ತಾನೆ ಅಂತ ಡಾಕ್ಟರ್‌ಗೆ ಹೇಳದೇ ಇರಬೇಡಿ.

## ತಗೊಳ್ಳುತ್ತಿರುವಾಗ

ಮಾತ್ರೆ ಶುರು ಮಾಡಿ ಮೂರು ದಿನ. ಗಾಬರಿ ಇನ್ನೂ ಜಾಸ್ತಿ ಆಗಿದೆ!

ಎಸ್‌ಎಸ್‌ಆರ್‌ಐ ಆದರೆ ಮೊದಲ ವಾರ ಹೀಗಾಗುವುದುಂಟು. ಹೊಟ್ಟೆ ತೊಳೆಸುತ್ತದೆ, ಒಳಗೆಲ್ಲ ಚಡಪಡಿಕೆ, ನಿದ್ದೆ ಇನ್ನಷ್ಟು ದೂರ. ನನಗೂ ಆಗಿತ್ತು. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಹದಿನೈದು ರಾತ್ರಿ ಕೂತು ಕಾದಿದ್ದೆ. ಅವರು ಮನೆಗೆ ಬಂದರು, ನನ್ನ ನಿದ್ದೆ ಬರಲಿಲ್ಲ. ಊರಿಗೆಲ್ಲ ನಿದ್ದೆ ಮಾತ್ರೆ ಕೊಡುವ ಅಂಗಡಿಯ ಬೀಗದ ಕೈ ನನ್ನ ಜೇಬಲ್ಲೇ, ನಾನು ಮಾತ್ರ ಮೂರು ಗಂಟೆಗೆ ಹಾಲ್‌ನಲ್ಲಿ ಅಡ್ಡಾಡುತ್ತಿದ್ದೆ. ಡಾಕ್ಟರ್ ಎಸ್ಸಿಟಾಲೋಪ್ರಾಮ್ 5 ಮಿಲಿಗ್ರಾಂನಿಂದ ಶುರು ಮಾಡಿಸಿ, ಬೆಳಗ್ಗೆ ತಿಂಡಿ ಆದಮೇಲೆ ತಗೊಳ್ಳಿ ಅಂದರು. ನಾಲ್ಕನೇ ದಿನ ಬಿಟ್ಟೇಬಿಡಬೇಕು ಅನಿಸಿತ್ತು. ಫೋನ್ ಮಾಡಿದೆ. "ಹತ್ತು ದಿನ ನೋಡೋಣ" ಅಂದರು. ಹನ್ನೆರಡನೇ ದಿನಕ್ಕೆ ತಗ್ಗಿತು.

ಎಲ್ಲರಿಗೂ ಹೀಗೇ ಆಗುತ್ತದೆ ಅಂತಲ್ಲ. 25 ವರ್ಷದೊಳಗಿನವರನ್ನು ಮೊದಲ ವಾರಗಳಲ್ಲಿ ಮನೆಯವರು ಸ್ವಲ್ಪ ಗಮನಿಸುತ್ತಿರಬೇಕು. ಸಾಯುವ ಮಾತು, ಕೂರಲಾಗದ ತಳಮಳ ಕಂಡರೆ ಅವತ್ತೇ ಡಾಕ್ಟರ್‌ಗೆ ತಿಳಿಸಿ.

ಬೇರೆ ಮಾತ್ರೆಗಳ ಜೊತೆ ತಗೋಬಹುದಾ?

ನಮ್ಮ ಕಡೆ ಹೆಚ್ಚಾಗಿ ಕಾಣುವ ತಪ್ಪು ಹುಳುಕಡ್ಡಿ ಮಾತ್ರೆಯದು. ಇಟ್ರಾಕೊನಜೋಲ್. ಅದರ ಜೊತೆ ಅಲ್‌ಪ್ರಾಜೋಲಾಮ್ ತಗೊಂಡರೆ ಲಿವರ್‌ಗೆ ಅಲ್‌ಪ್ರಾಜೋಲಾಮ್ ಕರಗಿಸಲಾಗದೆ ಅದು ರಕ್ತದಲ್ಲಿ ಏರುತ್ತಲೇ ಹೋಗುತ್ತದೆ. ಎರಡನ್ನೂ ಜೊತೆಗೆ ಕೊಡಲೇಬಾರದು. ಚರ್ಮದ ಡಾಕ್ಟರ್‌ಗೆ ನಿದ್ದೆ ಮಾತ್ರೆ ವಿಷಯ ಹೇಳಿರುವುದಿಲ್ಲ, ಅಲ್ವಾ? ಎಸ್‌ಎಸ್‌ಆರ್‌ಐ ತಗೊಳ್ಳುವವರು ಮಂಡಿನೋವಿಗೆ ದಿನಾ ಡೈಕ್ಲೋಫೆನಾಕ್ ನುಂಗಿದರೆ ಹೊಟ್ಟೆಯೊಳಗೆ ರಕ್ತ ಸೋರುವ ಅಪಾಯ ಹೆಚ್ಚು. ಟ್ರಮಡಾಲ್ ಅನ್ನುವ ನೋವಿನ ಮಾತ್ರೆ ಸೇರಿದರೆ ಫಿಟ್ಸ್ ಬರಬಹುದು.

ಕುಡಿತ ಬೇಡವೇ ಬೇಡ. "ಒಂದೇ ಪೆಗ್" ಕೂಡ. ಬೆಂಜೋಡಯಜೆಪಿನ್ ಮತ್ತು ಮದ್ಯ ಎರಡೂ ಉಸಿರಾಟವನ್ನೇ ನಿಧಾನ ಮಾಡುತ್ತವೆ.

ನಮ್ಮಮ್ಮನಿಗೆ 72. ನನ್ನ ಮಾತ್ರೇಲೇ ಅರ್ಧ ಕೊಡ್ಬಹುದಾ?

ಬೇಡ. ಆ ವಯಸ್ಸಲ್ಲಿ ಬೆಂಜೋಡಯಜೆಪಿನ್ ಮಾತ್ರೆ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ರಾತ್ರಿ ಬಚ್ಚಲಿಗೆ ಎದ್ದಾಗ ತೂರಾಡಿ ಬಿದ್ದು ಸೊಂಟದ ಮೂಳೆ ಮುರಿಯುವುದು ಹೀಗೆಯೇ. ಗಲಿಬಿಲಿ, ಮರೆವೂ ಬರುತ್ತದೆ. ಎಸ್‌ಎಸ್‌ಆರ್‌ಐನಿಂದಲೂ ವಯಸ್ಸಾದವರಿಗೆ ರಕ್ತದ ಸೋಡಿಯಂ ಇಳಿಯಬಹುದು. ಅವರನ್ನೇ ಕರೆದುಕೊಂಡು ಹೋಗಿ ತೋರಿಸಿ.

ನಾನು ತುಂಬಾ ಗೊರಕೆ ಹೊಡೀತೀನಂತೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಇದೆ. ಗೊರಕೆ ಮಧ್ಯೆ ಉಸಿರು ಕಟ್ಟಿ, ಬೆಚ್ಚಿ ಏಳುವುದು ಸ್ಲೀಪ್ ಆಪ್ನಿಯಾ ಇರಬಹುದು. ಆಗ ಬೆಂಜೋಡಯಜೆಪಿನ್ ಗಂಟಲನ್ನು ಇನ್ನೂ ಸಡಿಲ ಮಾಡಿ ತೊಂದರೆ ಹೆಚ್ಚಿಸುತ್ತದೆ. ಪಕ್ಕದಲ್ಲಿ ಮಲಗುವವರ ಸಾಕ್ಷಿ ಇಲ್ಲಿ ಮುಖ್ಯ, ಅವರನ್ನೂ ಡಾಕ್ಟರ್ ಬಳಿ ಕರೆದೊಯ್ಯಿರಿ.

ಗರ್ಭಿಣಿ ಅಂತ ಗೊತ್ತಾಯ್ತು. ಇವತ್ತೇ ಎಲ್ಲ ನಿಲ್ಲಿಸ್ಲಾ?

ತಟ್ಟನೆ ನಿಲ್ಲಿಸಬೇಡಿ. ಇವತ್ತೇ ಬರೆದ ಡಾಕ್ಟರ್‌ಗೂ ಹೆರಿಗೆ ಡಾಕ್ಟರ್‌ಗೂ ಫೋನ್ ಮಾಡಿ. ಕೆಲವನ್ನು ಮುಂದುವರಿಸುತ್ತಾರೆ, ಕೆಲವನ್ನು ಬದಲಿಸುತ್ತಾರೆ.

## ನಿಲ್ಲಿಸುವುದು

ಎಷ್ಟು ದಿನ ತಗೋಬೇಕು? ಜೀವನಪೂರ್ತಿನಾ?

ಬೇಗ ಕೆಲಸ ಮಾಡುವುದು ವಾರಗಳ ಲೆಕ್ಕ. ನಿಧಾನದ್ದು ತಿಂಗಳ ಲೆಕ್ಕ. ಎಸ್‌ಎಸ್‌ಆರ್‌ಐ ಅನ್ನು ಚೆನ್ನಾಗಿ ಅನಿಸಿದ ಮೇಲೂ ಸಾಮಾನ್ಯವಾಗಿ ಆರರಿಂದ ಹನ್ನೆರಡು ತಿಂಗಳು ಮುಂದುವರಿಸಿ ಆಮೇಲೆ ಇಳಿಸುತ್ತಾರೆ. ಮದುವೆಯಾದವರು ಕೇಳಲು ನಾಚುವ ಒಂದು ವಿಷಯ ಇಲ್ಲೇ ಹೇಳುತ್ತೇನೆ. ಈ ಮಾತ್ರೆಗಳಿಂದ ಲೈಂಗಿಕ ಆಸಕ್ತಿ ಕುಗ್ಗುವುದು ಸಾಮಾನ್ಯ. ಅದಕ್ಕೇ ಎಷ್ಟೋ ಜನ ಯಾರಿಗೂ ಹೇಳದೆ ನಿಲ್ಲಿಸುತ್ತಾರೆ. ಡಾಕ್ಟರ್‌ಗೆ ಹೇಳಿದರೆ ಡೋಸ್ ಅಥವಾ ಮಾತ್ರೆ ಬದಲಿಸಲು ದಾರಿ ಇದೆ.

ಎರಡು ವರ್ಷದಿಂದ ಅಲ್‌ಪ್ರಾಜೋಲಾಮ್. ಮೊನ್ನೆ ಹಟ ಮಾಡಿ ನಿಲ್ಸಿದೆ. ಈಗ ಕೈ ನಡುಗ್ತಿದೆ

ಇವತ್ತೇ ಡಾಕ್ಟರ್ ಹತ್ತಿರ ಹೋಗಿ. ತಡ ಮಾಡುವಂಥದ್ದಲ್ಲ. ವರ್ಷಗಟ್ಟಲೆ ತಗೊಂಡದ್ದನ್ನು ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಇದು ಮನಸ್ಸಿನ ಬಲದ ಪರೀಕ್ಷೆ ಅಲ್ಲ.

ಸಾಮಾನ್ಯವಾಗಿ ಎರಡು ನಾಲ್ಕು ವಾರಕ್ಕೊಮ್ಮೆ ಡೋಸ್‌ನ ಶೇಕಡ 5ರಿಂದ 10ರಷ್ಟು ಇಳಿಸುತ್ತಾರೆ. ಕೊನೆಕೊನೆಗೆ ಇನ್ನೂ ನಿಧಾನ. ಕೆಲವರನ್ನು ಮೊದಲು ಡಯಾಜೆಪಾಮ್‌ನಂಥ ನಿಧಾನಕ್ಕಿಳಿಯುವ ಮಾತ್ರೆಗೆ ಬದಲಿಸುತ್ತಾರೆ. ಅವಸರವಿಲ್ಲ, ವರ್ಷ ಹಿಡಿದರೂ ಹಿಡಿಯಲಿ. ಇಳಿಸುತ್ತಿರುವಾಗ ಸಿಬಿಟಿ-ಐ ಸೇರಿಸಿದರೆ ಬಿಡುವುದು ಸುಲಭ.

ಮಾತ್ರೆ ಅರ್ಧ, ಕಾಲು ಮಾಡಿ ಇಳಿಸ್ಬಹುದಾ?

ನಡುವೆ ಗೆರೆ ಇದ್ದರೆ ಅರ್ಧ ಮಾಡಬಹುದು. ಬಾಯಲ್ಲಿ ಕರಗುವ ಕ್ಲೊನಾಜೆಪಾಮ್ ಮಾತ್ರೆ ಚಾಕು ತಾಗಿದರೆ ಪುಡಿಪುಡಿ, ಅದನ್ನು ಕತ್ತರಿಸಲು ಹೋಗಬೇಡಿ. 0.25 ಮಿಲಿಗ್ರಾಂ ಮಾತ್ರೆಯೂ ಸಿಗುತ್ತದೆ, ಅದನ್ನೇ ಬರೆಸಿಕೊಳ್ಳಿ. ನಿಧಾನಕ್ಕೆ ಬಿಡುಗಡೆಯಾಗುವ ಎಸ್‌ಆರ್, ಸಿಆರ್ ಅಂತ ಬರೆದ ಮಾತ್ರೆಯನ್ನು ಒಡೆದರೆ ಇಡೀ ಡೋಸ್ ಒಮ್ಮೆಗೇ ಮೈಗೆ ಹೋಗುತ್ತದೆ. ಐವತ್ತೋ ನೂರೋ ಕೊಟ್ಟರೆ ಮಾತ್ರೆ ಕತ್ತರಿಸುವ ಪುಟ್ಟ ಡಬ್ಬಿ ಸಿಗುತ್ತದೆ, ಅಡುಗೆಮನೆ ಚಾಕುವಿಗಿಂತ ವಾಸಿ.

ನಿಲ್ಲಿಸಿ ಒಂದು ತಿಂಗಳಾಯ್ತು. ನಿನ್ನೆ ಮತ್ತೆ ನಿದ್ದೆ ಬರ್ಲಿಲ್ಲ. ಮತ್ತೆ ಶುರು ಮಾಡ್ಲಾ?

ಒಂದು ರಾತ್ರಿಗೆ ಬೇಡ. ಮಾತ್ರೆ ತಗೊಳ್ಳದವರಿಗೂ ತಿಂಗಳಿಗೆ ಎರಡು ಮೂರು ರಾತ್ರಿ ಹೀಗೆ ಆಗುತ್ತದೆ, ಅವರು ಲೆಕ್ಕ ಇಡುವುದಿಲ್ಲ ಅಷ್ಟೇ. ಹಗಲು ಮಲಗಬೇಡಿ, ಬೆಳಗ್ಗೆ ಅದೇ ಹೊತ್ತಿಗೆ ಏಳಿ. ವಾರದಲ್ಲಿ ಮೂರು ರಾತ್ರಿ ದಾಟಿ, ಸಂಜೆಯ ಆ ಹೊಟ್ಟೆ ಸಂಕಟ ಮತ್ತೆ ಶುರುವಾದರೆ ಡಾಕ್ಟರ್ ಬಳಿ ಹೋಗಿ. ಹೋಗುವಾಗ ಹಳೆಯ ಚೀಟಿ ತಗೊಂಡು ಹೋಗಿ, ಡ್ರಾಯರ್‌ನಲ್ಲಿ ಉಳಿದಿರುವ ಹಳೆಯ ಸ್ಟ್ರಿಪ್ ಬಿಚ್ಚಬೇಡಿ. ಅದರ ಮೇಲಿನ ತಾರೀಖು ಮುಗಿದೂ ಇರಬಹುದು.